ಆರಾಮ ಅದೀನ್ರಿ

ಫಕ್ಕೀರಪ್ಪನವರು ಚಹಾದ ಮೊದಲ ಗುಟುಕು ಕುಡಿದವರೇ ಮುಖ ಕಿವುಚಿದರು. ಕಪ್ಪನ್ನು ಟೀಪಾಯಿಯ ಮೇಲೆ ಕುಕ್ಕಿ, ಸೊಸೆಯ ಕಡೆ ತಿರುಗಿ, ಬೆರಳು ಆಡಿಸುತ್ತ ಬಾಯಿ ತೆರೆದರು. ಕೊರಳಿಗೆ ಸುತ್ತಿದ ಪಟ್ಟಿಯಲ್ಲಿ ಹಸಿರು ದೀಪ ಹತ್ತಿತು.

"ಚಹಾ ಭಾಳ ಚಲೋ ಆಗೇತವಾ," ಎಂದಿತು ಪಟ್ಟಿ.

ದನಿ ಅವರದೇ. ಜೀವಮಾನವೆಲ್ಲ ಬಸ್ಸು ಓಡಿಸಿ, ಅಡ್ಡ ಬಂದ ಲಾರಿ, ಎಮ್ಮೆ, ಟ್ರ್ಯಾಕ್ಟರು, ಶಾಸಕರ ಕಾರು ಒಂದನ್ನೂ ಬಿಡದೆ ಬೈದು ಒರಟಾದ ದನಿ ಅದು. ಆ ದನಿ ಚಹಾವನ್ನು ಹೊಗಳಿದ್ದನ್ನು ಗಂಟಲಿನ ಆಪರೇಶನ್ನಿಗೆ ಮುಂಚೆ ಮನೆಯವರು ಒಮ್ಮೆಯೂ ಕೇಳಿದ್ದಿಲ್ಲ.

"ನೋಡು, ನಿನ್ನ ಮಿಷಿನ್ ಹಾಕ್ಕೊಂಡ ಮ್ಯಾಲೆ ನಮ್ಮಪ್ಪ ಎಷ್ಟು ಸಂಭಾವಿತ ಆಗ್ಯಾನ," ಎಂದು ಶರಣು ಹೆಂಡತಿಯನ್ನು ನೋಡಿ ನಕ್ಕ.

ಪೂರ್ಣಿಮಾಳಿಗೂ ನಗು ಬಂತು, ಜೊತೆಗೆ ಒಂದಿಷ್ಟು ಹೆಮ್ಮೆಯೂ. ಮಾವನವರು ನಗಲಿಲ್ಲ. ಎದ್ದು ಹೋಗಿ ಉಳಿದ ಚಹಾವನ್ನು ದಾಸವಾಳದ ಕುಂಡಕ್ಕೆ ಸುರಿದು ಬಂದರು. ಈಚೆಗೆ ಅವರು ಮಾತಾಡುವುದನ್ನೇ ಕಡಿಮೆ ಮಾಡಿದ್ದರು. ಪಟ್ಟಿಯನ್ನು ಗೋಡೆಯ ಮೊಳೆಗೆ ನೇತುಹಾಕಿ ಕೂತಿರುತ್ತಿದ್ದರು, ಬರೆದು ತೋರಿಸಿ ಎಂದು ಹಾಳೆ ಕೊಟ್ಟರೆ ಅದನ್ನೂ ಬದಿಗೆ ತಳ್ಳುತ್ತಿದ್ದರು. ವಯಸ್ಸಾಯಿತು, ಮುನಿಸು ಜಾಸ್ತಿ ಎಂದು ಎಲ್ಲರೂ ಅಂದುಕೊಂಡರು. ಮುಖ ಒಂದು ಹೇಳುತ್ತಿದೆ, ಪಟ್ಟಿ ಇನ್ನೊಂದು ಹೇಳುತ್ತಿದೆ ಎಂಬುದು ಬೇರೆ ಯಾರಿಗೆ ಹೊಳೆಯದಿದ್ದರೂ ಆ ಪಟ್ಟಿ ಮಾಡಿದವಳಿಗೆ ಹೊಳೆಯಬೇಕಿತ್ತು. ಹೊಗಳಿಕೆ ಕೇಳುತ್ತ ಕೂತ ಕಿವಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಕೆಲಸಕ್ಕೆ ಹೋದಳು.

ಪಟ್ಟಿಯ ಸಂಗತಿ ಬಹಳ ಗಹನವೇನಲ್ಲ. ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರಿಗೆ ದನಿ ಹೋಗಿರುತ್ತದೆ, ಮಾತು ಹೋಗಿರುವುದಿಲ್ಲ. ಹೇಳಬೇಕೆಂದು ಮನಸ್ಸು ಮಾಡಿದೊಡನೆ ನಾಲಿಗೆ, ದವಡೆ, ಕೊರಳಿನ ಸ್ನಾಯುಗಳೆಲ್ಲ ಮೊದಲಿನ ಹಾಗೆಯೇ ಮಿಡಿಯುತ್ತವೆ, ಉಸಿರು ಮಾತ್ರ ಆ ದಾರಿಗೆ ಬರುವುದಿಲ್ಲ. ಆ ಮಿಡಿತದಲ್ಲಿ ಹುಟ್ಟುವ ಚೂರು ವಿದ್ಯುತ್ತನ್ನು ಪಟ್ಟಿ ಓದುತ್ತದೆ, ಯಾವ ಮಾತು ಎಂದು ಗುರುತಿಸುತ್ತದೆ, ಹಳೆಯ ರೆಕಾರ್ಡುಗಳಿಂದ ಕಟ್ಟಿಕೊಂಡ ಅದೇ ಮನುಷ್ಯನ ದನಿಯಲ್ಲಿ ನುಡಿಯುತ್ತದೆ. ತಂಬಾಕು, ಗುಟ್ಕಾ ಜಗಿದು ಗಂಟಲು ಕಳೆದುಕೊಂಡವರಿಗೆ ಈ ಸೀಮೆಯಲ್ಲಿ ಬರಗಾಲವಿಲ್ಲ. ಹುಬ್ಬಳ್ಳಿಯ ಹೊರಗಿನ ಒಂದು ಆಸ್ಪತ್ರೆಯ ಮೇಲ್ಮಹಡಿಯಲ್ಲಿ ಪೂರ್ಣಿಮಾಳ ಪ್ರಯೋಗಾಲಯ. ಕೆಳಗಿನ ಮಹಡಿಯಲ್ಲಿ ಗಂಟಲಿನ ವೈದ್ಯ ಶಬ್ಬೀರ್ ಇನಾಮದಾರರ ವಿಭಾಗ. ಪಟ್ಟಿಗೆ ದುಡ್ಡು ಸರ್ಕಾರದ ಅನುದಾನದ್ದು.

ತೊಡಕು ಬಂದದ್ದು ಅಲ್ಲೇ. ಅನುದಾನದ ಆದೇಶದಲ್ಲಿ ಒಂದು ಷರತ್ತಿತ್ತು: ಸರ್ಕಾರದ ಹಣದಲ್ಲಿ ತಯಾರಾದ ಮಾತಾಡುವ ಯಾವ ಸಾಧನವೂ ಅವಾಚ್ಯ, ಅಮಂಗಳ ಅಥವಾ ಭಯ ಹುಟ್ಟಿಸುವ ಮಾತನ್ನು ಉಚ್ಚರಿಸತಕ್ಕದ್ದಲ್ಲ. ಆಸ್ಪತ್ರೆಯ ನೀತಿ ಸಮಿತಿಯದು ಇನ್ನೊಂದು ನಿಯಮ: ರೋಗಿ ಮಾತಾಡಲು ಹೊರಟಾಗ ಸಾಧನವು ಯಾವ ಕಾರಣಕ್ಕೂ ಮೂಕವಾಗಕೂಡದು. ಬೈಗುಳ ಬಂದಾಗ ಪಟ್ಟಿ ಬಾಯಿ ಮುಚ್ಚಿದರೆ ಸಮಿತಿ ಒಪ್ಪುವುದಿಲ್ಲ, ಬೈದರೆ ಸರ್ಕಾರ ಒಪ್ಪುವುದಿಲ್ಲ. ಎರಡು ನಿಯಮಗಳಲ್ಲಿ ಯಾವುದು ಮೇಲು ಎಂದು ನೋಡಲು ಹೋದರೆ, ಎರಡರ ಕೊನೆಯಲ್ಲೂ ತನ್ನ ಮಾತೇ ಅಂತಿಮ ಎಂದು ಬರೆದಿತ್ತು. ಪಟ್ಟಿಗಳು ಪೆಟ್ಟಿಗೆಯಲ್ಲಿ ಕೂತವು, ರೋಗಿಗಳು ಕೈಸನ್ನೆ ಮಾಡುತ್ತ ಕೂತರು.

"ಮ್ಯಾಡಮ್ಮಾರ, ಆ ಆಫೀಸಿಗೇ ಬರದು ಕೇಳೂಣಲ್ರಿ," ಎಂದಿದ್ದರು ಇನಾಮದಾರರು. "ಸಂಶಯ ಬಂದ್ರ ಕೇಳ್ರಿ ಅಂತ ಆದೇಶದಾಗನ ಬರದಾರ."

"ಕೇಳಿದ್ರ ಮುಗೀತ್ರಿ ಡಾಕ್ಟ್ರ. ಕೇಳದಿದ್ರ ಯಾರೂ ನೋಡಂಗಿಲ್ಲ, ಕೇಳಿದ್ರ ಎಲ್ಲಾರೂ ನೋಡ್ತಾರ. ಫೈಲ್ ಬೆಂಗಳೂರಿಗೆ ಹೋಗಿ ಕುಂಡ್ರತೈತಿ, ಅದರ ಮ್ಯಾಲೆ ಮತ್ತ ನಾಕು ಆಕ್ಷೇಪಣೆ ಬರ್ತಾವ. ನಾವ ಏನರ ಜೋಡಿಸೂಣು."

ಮೇಲಿನ ಕಚೇರಿಯನ್ನು ಏನನ್ನೂ ಕೇಳಬಾರದು ಎಂಬುದು ಅವಳೊಬ್ಬಳ ಬುದ್ಧಿಯಲ್ಲ. ನಮ್ಮಲ್ಲಿ ಅನುದಾನದ ಮೇಲೆ ಬದುಕುವವರೆಲ್ಲ ಮೊದಲು ಕಲಿಯುವ ಪಾಠವೇ ಅದು. ಇನಾಮದಾರರೂ ಹೆಚ್ಚು ಒತ್ತಾಯ ಮಾಡಲಿಲ್ಲ.

ದಾರಿ ಹೊಳೆದದ್ದು ತವರಿನಲ್ಲಿ. ಅವಳ ತಾಯಿ ಗಂಗವ್ವ ಕೆಟ್ಟ ಮಾತನ್ನು ಬಾಯಲ್ಲಿ ತಂದವಳೇ ಅಲ್ಲ. ದೀಪ ಆರಿತು ಅನ್ನುವುದಿಲ್ಲ, ಶಾಂತವಾಯಿತು ಅನ್ನುತ್ತಾಳೆ. ಅಕ್ಕಿ ಮುಗಿದರೆ ಡಬ್ಬಿ ತುಂಬಬೇಕು ಅನ್ನುತ್ತಾಳೆ. ಹೊಸ್ತಿಲು ದಾಟುವವರು ಹೋಗುತ್ತೇನೆ ಅಂದರೆ ತಡೆದು, ಬರುತ್ತೇನೆ ಅನ್ನಿಸಿಯೇ ಕಳಿಸುತ್ತಾಳೆ. ಮನೆಯಲ್ಲಿ ಯಾರು ಹಾಸಿಗೆ ಹಿಡಿದಿರಲಿ, ಬಂದವರು ಕೇಳಿದರೆ ಅವಳದು ಒಂದೇ ಉತ್ತರ, ಆರಾಮ ಅದಾರ್ರಿ. ಮಾತು ನಿಲ್ಲಿಸಿದ ಹಾಗೂ ಆಗಲಿಲ್ಲ, ಕೆಟ್ಟದ್ದು ಆಡಿದ ಹಾಗೂ ಆಗಲಿಲ್ಲ. ಪೂರ್ಣಿಮಾ ತಾಯಿಯನ್ನೂ ಅವಳ ಓರಗೆಯ ಹೆಂಗಸರನ್ನೂ ಕೂರಿಸಿಕೊಂಡು ಗಂಟೆಗಟ್ಟಲೆ ಮಾತಾಡಿಸಿ ರೆಕಾರ್ಡು ಮಾಡಿ, ಅದರಿಂದ ಪಟ್ಟಿಗೆ ಒಂದು ಪದರ ಕಲಿಸಿದಳು. ಕಾಗದದ ಮೇಲೆ ಅದರ ಹೆಸರು ಮೃದುನುಡಿ; ಪ್ರಯೋಗಾಲಯದಲ್ಲಿ ಎಲ್ಲರೂ ಜರಡಿ ಅನ್ನುತ್ತಿದ್ದರು. ಒಳಗಿನಿಂದ ಒರಟು ಮಾತೋ ಅಮಂಗಳದ ಮಾತೋ ಬಂದರೆ ಜರಡಿ ಅದನ್ನು ತಡೆದು, ಅದೇ ಅಳತೆಯ ಮೆತ್ತನೆಯ ಮಾತನ್ನು ಹೊರಗೆ ಬಿಡುತ್ತಿತ್ತು. ಕಲಿಯುವ ಯಂತ್ರವಾದ್ದರಿಂದ ತಿಂಗಳು ಕಳೆದ ಹಾಗೆ ಇನ್ನೂ ಚೊಕ್ಕವಾಗಿ ಕಲಿಯಿತು.

ಸರ್ಕಾರದವರು ಮೆಚ್ಚಿದರು, ಸಮಿತಿಯವರು ಮೆಚ್ಚಿದರು. ಜಗಳಾಡುವ ನಿಯಮಗಳನ್ನು ಹೇಗೆ ಹೊಂದಿಸಬೇಕು ಎಂದು ಬೇರೆ ಊರಿನ ಸಂಸ್ಥೆಗಳಿಗೆ ಹೋಗಿ ಪೂರ್ಣಿಮಾ ಭಾಷಣ ಮಾಡಿದಳು. ಅಲ್ಲಿ ಹೊದಿಸಿದ ಶಾಲು ಈಗಲೂ ಮನೆಯ ಕಪಾಟಿನಲ್ಲಿದೆ. ಪಟ್ಟಿ ಹೇಗಿದೆ ಎಂದು ರೋಗಿಗಳನ್ನು ಕೇಳಿದಾಗ ಒಬ್ಬರೂ ದೂರಲಿಲ್ಲ. ಆ ಉತ್ತರವೂ ಅದೇ ಜರಡಿಯಿಂದ ಇಳಿದು ಬರುತ್ತಿತ್ತು ಎಂಬುದನ್ನು ಯಾರೂ ಯೋಚಿಸಲಿಲ್ಲ.

ಅವತ್ತು ಅವಳು ಪ್ರಯೋಗಾಲಯ ಮುಟ್ಟುವ ಮೊದಲೇ ಇನಾಮದಾರರು ಮೆಟ್ಟಿಲ ಬಳಿ ಕಾಯುತ್ತಿದ್ದರು. ಸದಾ ಏನಾದರೊಂದು ಚೇಷ್ಟೆ ಮಾಡುವ ಮನುಷ್ಯ, ಅವತ್ತು ಗೋಡೆ ನೋಡಿಕೊಂಡು ಮಾತಾಡಿದರು.

"ಬ್ಯಾಡಗಿ ಸಾವಕ್ಕ ನೆನಪದಾಳೇನ್ರಿ?"

ಸಾವಕ್ಕನನ್ನು ಮರೆಯುವುದು ಹೇಗೆ? ಬ್ಯಾಡಗಿಯ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಗಳು. ತಂಬಾಕು ಮುಟ್ಟಿದವಳಲ್ಲ, ಆದರೂ ಗಂಟಲಿಗೆ ಬಂತು. ಅವಳ ಹಳೆಯ ದನಿ ಎಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ಮದುವೆಯ ವಿಡಿಯೊ ತಂದುಕೊಟ್ಟಳು. ಅದರಲ್ಲಿ ಹೆಂಗಸರೆಲ್ಲ ಸೇರಿ ಗಂಡನ ಹೆಸರು ಹೇಳೆಂದು ಕಾಡುತ್ತಿದ್ದರು, ಹೊಸ ಮದುಮಗಳು ನಗು ತಡೆಯಲಾರದೆ ಒಡಪು ಕಟ್ಟಿ ಹೆಸರು ಹೇಳುತ್ತಿದ್ದಳು. ಆ ನಗುವಿನ ದನಿಯನ್ನೇ ಪೂರ್ಣಿಮಾ ಪಟ್ಟಿಗೆ ಕೂಡಿಸಿಕೊಟ್ಟಿದ್ದಳು. ಮೊದಲ ಸಲ ಅದು ನುಡಿದಾಗ ಸಾವಕ್ಕ ಕಣ್ಣೊರೆಸಿಕೊಂಡು ಅವಳ ಕೈ ಹಿಡಿದಿದ್ದಳು.

"ಗಡ್ಡಿ ಮತ್ತ ಬೆಳದೈತ್ರಿ," ಎಂದರು ಇನಾಮದಾರರು. "ಕುತಿಗಿ ತುಂಬ ಹರಡೇತಿ. ಬಸ್ ಸ್ಟ್ಯಾಂಡಿನಾಗ ರಕ್ತ ಕಾರಿಕೊಂಡು ಬಿದ್ದಾಗ ಯಾರೋ ಎತ್ಕೊಂಡು ಬಂದ್ರು. ತಿಂಗಳ ತಿಂಗಳ ನನ್ನ ಮುಂದ ಬಂದು ಕುಂತಾಳ್ರಿ. ಒಂದ ಸಲಾನೂ ಬ್ಯಾನಿ ಅಂತ ಹೇಳಲಿಲ್ಲ. ಕೇಳಿದಾಗೊಮ್ಮೆ ನಕ್ಕೋತ ಆರಾಮ ಅದೀನ್ರಿ ಅಂದ್ಲು. ನಾನೂ ಟಾರ್ಚ್ ಬಿಟ್ಟು ಬಾಯಾಗ ಇಣಿಕಿ ಕಳಿಸಿಬಿಟ್ಟೆ. ಹೊರಗ ಪಾಳಿ ಅಷ್ಟಿತ್ತು."

"ಮೊದಲ ಗೊತ್ತಾಗಿದ್ರ?"

"ಕೊಯ್ದು ತಗೀಬಹುದಿತ್ತು. ಈಗ ಕರೆಂಟ್, ಅಂದ್ರ ರೇಡಿಯೇಶನ್, ಕೊಟ್ಟು ನೋಡಬೇಕು." ಅವರು ಗೋಡೆಯಿಂದ ಕಣ್ಣು ತೆಗೆದು, "ಮ್ಯಾಡಮ್, ಆಕಿ ನಕ್ಕಿದ್ದು ನಾ ನೋಡಿದ್ನೋ, ಬರೇ ಕೇಳಿದ್ನೋ, ನನಗ ನೆನಪಾಗವಲ್ದು," ಎಂದರು.

ಪೂರ್ಣಿಮಾಳಿಗೆ ಬೆಳಗಿನ ಚಹಾ, ಮಾವನವರ ಕಿವುಚಿದ ಮುಖ, ದಾಸವಾಳದ ಕುಂಡ ಒಂದರ ಹಿಂದೊಂದು ಕಣ್ಣಿಗೆ ಕಟ್ಟಿದವು. ಅವಳು ಓಡಿಕೊಂಡೇ ವಾರ್ಡಿಗೆ ಹೋದಳು.

ಸಾವಕ್ಕ ಕಿಟಕಿಯ ಪಕ್ಕದ ಮಂಚದಲ್ಲಿ ಒರಗಿದ್ದಳು. ಮೈಯಲ್ಲಿ ಏನೂ ಉಳಿದಿರಲಿಲ್ಲ, ಕೊರಳು ಮಾತ್ರ ಬಾತಿತ್ತು. ಬಾವಿನ ಮೇಲೆಯೇ ಪಟ್ಟಿ ಬಿಗಿದಿದ್ದರು.

"ಹೆಂಗದೀ ಸಾವಕ್ಕಾ?"

ಸಾವಕ್ಕ ಅವಳನ್ನು ನೋಡಿದಳು. ತುಟಿ ಅಲುಗಿತು, ಕಣ್ಣು ಕೆಂಪೇರಿತು, ಕೈ ಗಂಟಲು ಮುಟ್ಟಿ ಹಾಸಿಗೆಯನ್ನು ಬಡಿಯಿತು. ಹಸಿರು ದೀಪ ಹತ್ತಿತು.

"ಆರಾಮ ಅದೀನ್ರಿ," ಎಂದಿತು ಮದುಮಗಳ ದನಿ. "ಒಂದೀಟು ಕಸಿವಿಸಿ ಐತಿ ಅಷ್ಟ."

ಪೂರ್ಣಿಮಾ ಟ್ಯಾಬು ತೆರೆದಳು. ರಿಪೇರಿಗೆಂದು ಜರಡಿಯನ್ನು ನಿಲ್ಲಿಸುವ ಒಂದು ದಾರಿ ಅವಳ ಟ್ಯಾಬಿನಲ್ಲಿತ್ತು. ರೋಗಿಯ ಕೊರಳಲ್ಲಿರುವಾಗ ಅದನ್ನು ಮುಟ್ಟುವುದು ಷರತ್ತಿಗೆ ವಿರುದ್ಧ. ಮುಟ್ಟಿದಳು.

"ಈಗ ಹೇಳು," ಎಂದಳು.

ಸಾವಕ್ಕ ತಡೆದು ತಡೆದು ಬಾಯಿ ಆಡಿಸಿದಳು. ದನಿ ಮದುಮಗಳದ್ದೇ, ಆದರೆ ಬಂದ ಮಾತು ಬೇರೆ.

"ಸಾಯಾಕತ್ತೀನಿ." ಅದನ್ನು ತಾನೇ ಕೇಳಿ ಬೆಚ್ಚಿದಳು. ಇನ್ನೊಮ್ಮೆ ಹೇಳಿ ನೋಡಿದಳು, ಅದೇ ಬಂತು. ಆಮೇಲೆ ಕಟ್ಟೆ ಒಡೆದ ಹಾಗೆ ಬಂತು. "ಗಂಟಲದಾಗ ಕೆಂಡ ಇಟ್ಟಂಗ ಆಗೇತಿ ಅಂದ್ನಿ. ರಕ್ತ ಬೀಳಾಕತ್ತೇತಿ ಅಂದ್ನಿ. ಡಾಕ್ಟರ್ ಮುಂದ ಅಂದ್ನಿ, ನರ್ಸಮ್ಮನ ಮುಂದ ಅಂದ್ನಿ. ಇದು ಆರಾಮ ಅದೀನಿ ಅಂತು. ನನ್ನ ದನಿ ತಗೊಂಡು ಅಂತು. ಈ ಪಟ್ಟಿ ಸುಳ್ಳು ಹೇಳತೈತ್ರಿ ಅಂದ್ನಿ, ಈ ಪಟ್ಟಿ ಚಲೋ ಐತ್ರಿ ಅಂತು. ಬಿಚ್ಚಿ ಟೇಬಲ್ ಮ್ಯಾಲೆ ಒಗದೆ. ಸರ್ಕಾರದ ಮಾಲು, ಕೆಡಸಬ್ಯಾಡ ಅಂತ ಬೈದು ಮತ್ತ ಕಟ್ಟಿದ್ರು."

"ಕೈಸನ್ನಿ ಮಾಡಿ..." ಎಂದು ಏನೋ ಹೇಳಹೊರಟ ಪೂರ್ಣಿಮಾ ಅರ್ಧಕ್ಕೇ ನಿಂತಳು.

"ಬರಿಯಾಕ ನನಗ ಬರಂಗಿಲ್ಲ. ಕೈಸನ್ನಿ ಯಾರು ನೋಡ್ತಾರವ್ವಾ? ಪಟ್ಟಿ ಬರೂಕಿಂತ ಮೊದಲ ಎಲ್ಲಾರೂ ನನ್ನ ಕೈ ನೋಡ್ತಿದ್ರು, ಮುಖ ನೋಡ್ತಿದ್ರು. ದನಿ ಬಂದ ಮ್ಯಾಲೆ ನೋಡೂದ ಬಿಟ್ರು. ನನ್ನ ಗಂಡ ಗೋವಾದಾಗ ಗೌಂಡಿ ಕೆಲಸ ಮಾಡ್ತಾನ. ಬಾ ಅಂತ ಫೋನ್ ಹಚ್ಚಿ ಅಳಾಕತ್ರ, ಕಾಳಜಿ ಮಾಡಬ್ಯಾಡ, ಅಲ್ಲೇ ಇರು ಅಂತು ಇದು. ಅವ ಅಲ್ಲೇ ಅದಾನ." ಅವಳು ಉಸಿರಿಗೆ ತಡವರಿಸಿದಳು. "ದನಿ ಕೊಟ್ಟಾಗ ನಿನ್ನ ಕೈ ಹಿಡದಿದ್ನೆಲ್ಲ. ಅದಕಿಂತ ಮೂಗಿ ಆಗಿದ್ರ ಬದಕ್ತಿದ್ನಿ."

ಪೂರ್ಣಿಮಾ ಮಂಚದ ಸರಳು ಹಿಡಿದು ನಿಂತಿದ್ದಳು. ತಪ್ಪಾಯಿತು ಅನ್ನಬೇಕು ಅನ್ನಿಸಿತು. ಆ ಮಾತು ಬಾಯಿಗೆ ಬಂದಾಗ ಅದೂ ಜರಡಿಯಿಂದ ಸೋಸಿದ ಮಾತಿನ ಹಾಗೆ ಕೇಳಿಸೀತೆಂದು ನಾಚಿಕೆಯಾಗಿ ನುಂಗಿಕೊಂಡಳು. ಬಾವಿನ ಮೇಲಿನ ಪಟ್ಟಿಯನ್ನು ಒಂದಿಷ್ಟು ಸಡಿಲ ಮಾಡಿದಳು. ಸಾವಕ್ಕನ ಗಂಡನ ನಂಬರು ಕೇಳಿ, ಫೋನು ಹಚ್ಚಿ, ಸ್ಪೀಕರಿನಲ್ಲಿ ಅವಳ ಮುಂದೆ ಹಿಡಿದಳು. ಗಂಡ ಹೆಂಡತಿ ಏನು ಮಾತಾಡಿದರೆಂದು ಇಲ್ಲಿ ಬರೆಯುವುದು ಬೇಡ. ಆತ ಸಂಜೆಯ ಬಸ್ಸಿಗೆ ಹೊರಟ.

ಮನೆಗೆ ಬಂದಾಗ ಮಾವನವರು ಅಂಗಳದಲ್ಲಿ ಶೇಂಗಾ ಒಡೆಯುತ್ತ ಕೂತಿದ್ದರು. ಪಟ್ಟಿ ಮೊಳೆಯ ಮೇಲಿತ್ತು. ಪೂರ್ಣಿಮಾ ಅದನ್ನು ತೆಗೆದುಕೊಂಡು, ಜರಡಿ ನಿಲ್ಲಿಸಿ, ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತಳು.

"ಮಾವಾರ, ಇದನ್ನ ಹಾಕ್ಕೋರಿ. ಇನ್ನ ಮ್ಯಾಲೆ ನೀವು ಅಂದದ್ದ ಬರ್ತೈತಿ."

ಫಕ್ಕೀರಪ್ಪನವರು ಅನುಮಾನದಿಂದ ನೋಡಿದರು. ಆಮೇಲೆ ಪಟ್ಟಿ ಕಟ್ಟಿಸಿಕೊಂಡರು. ಅವಳು ಎಲ್ಲಕ್ಕೂ ಸಿದ್ಧಳಾಗಿದ್ದಳು. ಬೈಗುಳದ ಮಳೆಯೇ ಸುರಿಯಲಿ, ತಾನು ಅದಕ್ಕೆ ಯೋಗ್ಯಳೇ ಎಂದುಕೊಂಡಿದ್ದಳು. ಶರಣುವೂ ಬಾಗಿಲಲ್ಲಿ ಬಂದು ನಿಂತ.

"ಚಹಾಕ್ಕ ಸಕ್ಕರಿ ಭಾಳ ಹಾಕ್ತಿ," ಎಂದಿತು ಒರಟು ದನಿ. "ಹಲ್ಕಟ್ ಚಹಾ. ಎರಡು ವರ್ಷದಿಂದ ಹೇಳಾಕತ್ತೀನಿ."

ಶರಣು ನಗಲು ಹೋಗಿ, ಹೆಂಡತಿಯ ಮುಖ ನೋಡಿ ನಿಂತ. ಮುದುಕರು ಮಗನ ಕಡೆ ತಿರುಗಿದರು.

"ಅಪ್ಪ ಸಂಭಾವಿತ ಆದಾ ಅಂತ ನಗ್ತಿದ್ದೆಲ್ಲ ಮಗನ. ನನ್ನ ಮನಿಯಾಗ ನಾ ಸತ್ತು, ನನ್ನ ಕುರ್ಚಿ ಮ್ಯಾಲೆ ಬ್ಯಾರೆ ಯಾವನೋ ಕುಂತಂಗ ಆಗಿತ್ತು. ನಿಮಗ ಅವನ ಬೇಷ್ ಅನಿಸಿದ್ದ."

ಅಷ್ಟು ಹೇಳಿ ಅವರು ಶೇಂಗಾ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು. ಪೂರ್ಣಿಮಾ ತಲೆ ಎತ್ತಲಿಲ್ಲ. ಅವರು ಹೇಳಿದ್ದು ನಿಜ. ಆ ಬೇರೆಯವನೇ ಅವಳಿಗೂ ಬೇಷ್ ಅನಿಸಿದ್ದ. ಉಳಿದ ಪಟ್ಟಿಗಳ ಜರಡಿಯನ್ನೆಲ್ಲ ಅವಳು ಆಗಲೇ, ಅಂಗಳದಲ್ಲಿ ಕೂತುಕೊಂಡೇ ಟ್ಯಾಬಿನಿಂದ ನಿಲ್ಲಿಸಿದಳು.

ಜರಡಿ ನಿಲ್ಲಿಸಿದ್ದೇನೆಂದು ಅವಳೇ ರಾತ್ರಿ ಬರೆದು ತಿಳಿಸಿದ್ದರಿಂದ ಮರುದಿನ ಅನುದಾನ ಕಚೇರಿಯೊಂದಿಗೆ ವಿಡಿಯೊ ಸಭೆ. ಷರತ್ತು ಮುರಿದದ್ದಕ್ಕೆ ಪಟ್ಟಿಗಳನ್ನೇ ವಾಪಸು ಕೇಳಬಹುದು, ಕೇಳಿದರೆ ಕೊಡುವುದಿಲ್ಲ ಎಂದು ಪೂರ್ಣಿಮಾ ಹಲ್ಲು ಕಚ್ಚಿ ಕೂತಿದ್ದಳು. ಸತ್ಯ ಹೇಳಬೇಕೆಂದರೆ ಅವಳಿಗೆ ಆ ಜಗಳ ಬೇಕಾಗಿತ್ತು. ಇಂಥ ನಿಯಮ ಮಾಡಿದವರು ಯಾರು, ಅವರಿಂದಲೇ ಒಬ್ಬ ಹೆಣ್ಣುಮಗಳ ಜೀವಕ್ಕೆ ಬಂತು ಎಂದು ಕೂಗಿದರೆ ಎದೆಯ ಭಾರ ಅರ್ಧ ಇಳಿದೀತು ಎಂಬ ಆಸೆ. ನಡೆದದ್ದನ್ನೆಲ್ಲ ಹೇಳಿ ಮುಗಿಸಿ, ಕೊನೆಗೆ ಅದನ್ನೇ ಹೇಳಿದಳು.

ಬೆಂಗಳೂರಿನ ಅಧಿಕಾರಿ ವಸುಮತಿ ಎಂಬಾಕೆ. ನಡುವಯಸ್ಸು, ನಿಧಾನದ ಮಾತು. ಆಕೆ ಕನ್ನಡಕ ತೆಗೆದು ಪರದೆಯ ಮೇಲೆ ಏನನ್ನೋ ಓದಿದರು.

"ಈ ಷರತ್ತು ನಿಮ್ಮದಲ್ಲ ಮೇಡಂ," ಎಂದರು. "ಅಂಗನವಾಡಿ ಮಕ್ಕಳಿಗೆ ಮಾತಾಡೋ ಬೊಂಬೆ ಕೊಡೋ ಯೋಜನೆ ಒಂದಿತ್ತು. ಬೊಂಬೆ ಮಕ್ಕಳನ್ನ ಹೆದರಿಸಬಾರದು, ಕೆಟ್ಟ ಮಾತಾಡಬಾರದು ಅಂತ ಅದಕ್ಕೆ ಬರೆದಿದ್ದು. ನಿಮ್ಮ ಆದೇಶ ತಯಾರು ಮಾಡುವಾಗ ಅದರ ಷರತ್ತುಗಳು ಹಾಗೇ ಬಂದುಬಿಟ್ಟಿವೆ. ನಮ್ಮದೂ ತಪ್ಪೇ, ಯಾರೂ ಗಮನಿಸಿಲ್ಲ."

ಪೂರ್ಣಿಮಾಳ ಪಕ್ಕದಲ್ಲಿ ಕೂತಿದ್ದ ಇನಾಮದಾರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ನೀವು ಒಂದು ಸಾಲು ಬರೆದು ಕೇಳಿದ್ರೆ ಸಾಕಿತ್ತು," ಎಂದು ವಸುಮತಿ ಹೇಳಿದರು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳೋದಕ್ಕೆ ಅಂತಾನೇ ಕೊನೇಲಿ ಜಾಗ ಇಟ್ಟಿರ್ತೀವಿ. ರೋಗಿಗಳ ಸಾಧನ ಅಂದ ತಕ್ಷಣ ಸಡಿಲಿಕೆ ಕೊಟ್ಟುಬಿಡ್ತಿದ್ವಿ. ಈಗಲೂ ಇವತ್ತೇ ಕೊಡ್ತೀನಿ. ಯಾಕೆ ಕೇಳ್ಲಿಲ್ಲ?"

ಪೂರ್ಣಿಮಾಳ ಬಳಿ ಉತ್ತರವಿತ್ತು, ಬಾಯಲ್ಲಿ ತರುವಂಥದ್ದಲ್ಲ. ಕೇಳಿದರೆ ತಡವಾದೀತು ಎಂಬ ಭಯ ನಿಜ. ಅದರ ಕೆಳಗೆ ಇನ್ನೊಂದಿತ್ತು: ಕೇಳಿದ್ದರೆ ಅವಳು ಜಾಣೆ ಎನಿಸಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಜರಡಿ ಯಾರಿಗೂ ಬೇಕಿರಲಿಲ್ಲ. ಸರ್ಕಾರಕ್ಕೆ ಬೇಕಿರಲಿಲ್ಲ, ಸಮಿತಿಗೆ ಬೇಕಿರಲಿಲ್ಲ, ರೋಗಿಗಳಿಗಂತೂ ಮೊದಲೇ ಬೇಕಿರಲಿಲ್ಲ. ಬೊಂಬೆಗೆ ಬರೆದ ಮಾತನ್ನು ಅವಳು ಮನುಷ್ಯರ ಕೊರಳಿಗೆ ಕಟ್ಟಿದ್ದಳು, ಅದಕ್ಕೆ ಶಾಲು ಹೊದಿಸಿಕೊಂಡಿದ್ದಳು. ದೂರಲು ಇದ್ದ ಒಂದು ನಿಯಮವೂ ಕೈಬಿಟ್ಟು ಹೋದ ಮೇಲೆ ಉಳಿದವಳು ತಾನೊಬ್ಬಳೇ.

"ತಪ್ಪು ನಂದ್ರಿ," ಎಂದಳು. ಪರದೆಯ ಮೂಲೆಯಲ್ಲಿ ಕಾಣುತ್ತಿದ್ದ ತನ್ನ ಮುಖವನ್ನು ನೋಡಲಾಗದೆ ಮೇಜು ನೋಡುತ್ತ ಕೂತಳು.

ಸಡಿಲಿಕೆಯ ಆದೇಶ ಮಧ್ಯಾಹ್ನಕ್ಕೇ ಬಂತು.

ಅದನ್ನು ಹಿಡಿದುಕೊಂಡು ವಾರ್ಡಿಗೆ ಹೋಗುವಾಗ, ಇದನ್ನು ಸಾವಕ್ಕನಿಗೆ ತೋರಿಸಿ ಏನು ಹೇಳುವುದು ಎಂದು ಅವಳಿಗೇ ತಿಳಿಯಲಿಲ್ಲ. ಗಂಡ ಬಂದಿದ್ದ. ಸಿಮೆಂಟಿನ ಕಲೆಯ ಅಂಗಿಯಲ್ಲೇ ಗೋಡೆಗೆ ಒರಗಿ ನಿಂತಿದ್ದ, ಅವಳನ್ನು ನೋಡಿಯೂ ನೋಡದ ಹಾಗೆ ಮುಖ ತಿರುಗಿಸಿದ. ಕರೆಂಟ್ ಕೊಡುವುದು ಸೋಮವಾರದಿಂದ ಎಂದು ಇನಾಮದಾರರು ಹೇಳಿ ಹೋಗಿದ್ದರು. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದ್ದರು. ಅವರ ಆ ಜರಡಿ ಇಲ್ಲದ ಮಾತನ್ನು ಸಾವಕ್ಕ ಕಣ್ಣು ಮಿಟುಕಿಸದೆ ಕೇಳಿಸಿಕೊಂಡಿದ್ದಳಂತೆ.

ಪೂರ್ಣಿಮಾ ಟ್ಯಾಬು ತೆರೆದು ಪಟ್ಟಿಯನ್ನು ಪರೀಕ್ಷಿಸುತ್ತಿದ್ದಾಗ ಬಾಗಿಲಲ್ಲಿ ಸಪ್ಪಳವಾಯಿತು. ಶಾಲೆಯ ಸಮವಸ್ತ್ರದಲ್ಲೇ ಒಬ್ಬ ಹುಡುಗಿ ನಿಂತಿದ್ದಳು, ಎರಡು ಜಡೆ, ಹೆಗಲಲ್ಲಿ ಚೀಲ. ಸಾವಕ್ಕನ ಮಗಳು ಸಿಂಚನಾ. ಸೋದರಮಾವ ಬಸ್ ಸ್ಟ್ಯಾಂಡಿನಿಂದ ಕರೆದುಕೊಂಡು ಬಂದಿದ್ದ. ಅವ್ವನ ಬಾತ ಕೊರಳನ್ನು, ಸೂಜಿ ಚುಚ್ಚಿದ ಕೈಯನ್ನು, ಮುಖ ಒರೆಸಿಕೊಳ್ಳುತ್ತಿದ್ದ ಅಪ್ಪನನ್ನು ನೋಡಿ ಹುಡುಗಿ ಅಲ್ಲೇ ನಿಂತುಬಿಟ್ಟಳು.

"ಅವ್ವಾ," ಎಂದಳು ಸಣ್ಣಗೆ. "ಹೆಂಗದೀ?"

ಸಾವಕ್ಕ ಮಗಳನ್ನೇ ನೋಡಿದಳು. ಒಮ್ಮೆ ಪೂರ್ಣಿಮಾಳನ್ನು ನೋಡಿದಳು. ನಿನ್ನೆ ಹಾಸಿಗೆ ಬಡಿದಿದ್ದ ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಳು. ಮುಖವನ್ನು ಕಷ್ಟಪಟ್ಟು ಹಸನು ಮಾಡಿಕೊಂಡು ತುಟಿ ಆಡಿಸಿದಳು. ಹಸಿರು ದೀಪ ಹತ್ತಿತು.

"ಆರಾಮ ಅದೀನಿ ಬಾ," ಎಂದಿತು ಮದುಮಗಳ ದನಿ. "ಊಟ ಮಾಡಿದೇನು?"

ಪೂರ್ಣಿಮಾ ಗಾಬರಿಯಿಂದ ಟ್ಯಾಬು ನೋಡಿದಳು. ನಿನ್ನೆ ನಿಲ್ಲಿಸಿದ್ದು ಹೇಗೋ ಮತ್ತೆ ಶುರುವಾಗಿದೆ ಅಂದುಕೊಂಡಳು. ಜರಡಿ ನಿಂತೇ ಇತ್ತು. ಒಳಗಿನಿಂದ ಬಂದದ್ದೂ ಹೊರಗೆ ಹೋದದ್ದೂ ಅಕ್ಷರಕ್ಕೆ ಅಕ್ಷರ ಒಂದೇ. ಈ ಸಲ ಆ ಸುಳ್ಳನ್ನು ಹೇಳಿದವಳು ಸಾವಕ್ಕ ತಾನೇ.

ಹುಡುಗಿಯ ಮುಖ ಅರಳಿತು. ಚೀಲ ಇಳಿಸಿ ಅವ್ವನ ಮಗ್ಗುಲಿಗೆ ಹತ್ತಿ ಕೂತಳು. ಪೂರ್ಣಿಮಾ ಆದೇಶದ ಹಾಳೆಯನ್ನು ನಾಲ್ಕಾಗಿ ಮಡಚಿ, ಯಾರಿಗೂ ತೋರಿಸದೆ, ತಲೆ ತಗ್ಗಿಸಿಕೊಂಡು ಹೊರಗೆ ನಡೆದಳು.